ರಾತ್ರಿ ಉಳಿಯದವನು

ಅವಳು ಚಿಲಕ ಹಾಕುವಷ್ಟರಲ್ಲಿ ಭಾವ ಬಾಗಿಲ ಸಂದಿಗೆ ಕಾಲಿಟ್ಟರು. ಕೈಯಲ್ಲಿ ಬಿಸಿನೀರಿನ ಬಕೆಟ್ಟು.

“ತಮ್ಮನ ಮೈ ತೊಳೆಯೋದು ನನ್ನ ಕೆಲಸ. ನೀನು ಹೊರಗೆ ಕೂತ್ಕೋ ತಾಯಿ.”

ಮಂಚದ ಮೇಲೆ ಅವಳ ಗಂಡ, ಟೇಲರ್, ಉಸಿರು ನಿಂತು ಮಲಗಿದ್ದ, ಎದೆಯವರೆಗೆ ಹೊದಿಕೆ. ಅದನ್ನು ಸರಿಸಿದರೆ ಇಷ್ಟು ವರ್ಷ ಮುಚ್ಚಿಟ್ಟದ್ದೆಲ್ಲ ಬಯಲು. ಯಾರಿಗೂ ಹೇಳಬೇಡ, ಅಣ್ಣನಿಗಂತೂ ಬೇಡವೇ ಬೇಡ ಎಂದು ಅವನು ಅವಳಿಂದ ಮಾತು ತೆಗೆದುಕೊಂಡಿದ್ದ. ಈಗ ಸುಳ್ಳು ಹೇಳುವುದಕ್ಕೂ ಅವಳಲ್ಲಿ ತ್ರಾಣವಿರಲಿಲ್ಲ.

“ಒಂದು ರಾತ್ರಿ ನನ್ನ ಮನೇಲಿ ಉಳೀಲಿಲ್ಲ ಇವ್ನು,” ಭಾವ ಬಕೆಟ್ಟು ಇಳಿಸಿದರು. “ನನ್ನ ಮಗಳ ಮದುವೇಲಿ ಅರ್ಧ ಊಟಕ್ಕೇ ಎದ್ದುಹೋದ. ಅಷ್ಟು ಕೊಬ್ಬು.”

*

ಕರುಳಿನ ಆಪರೇಷನ್ ಆದಾಗ, ಸಣ್ಣಕರುಳಿನ ತುದಿಯನ್ನು ಹೊಟ್ಟೆಯ ಬಲಗಡೆ ಹೊರಗೆ ತಂದು ಹೊಲಿದಿದ್ದರು. ಕೆಂಪಗೆ, ಸದಾ ಒದ್ದೆ, ಮೊಗ್ಗಿನಷ್ಟು. ಅದರ ಮೇಲೊಂದು ಚೀಲ. ತಿಂದದ್ದೆಲ್ಲ ಹಗಲೂ ರಾತ್ರಿ ಅದಕ್ಕೇ ಇಳಿಯಬೇಕು. ಅಜ್ಜಿಕತೆಯ ರಾಕ್ಷಸನ ಪ್ರಾಣ ಗಿಳಿಯಲ್ಲಿದ್ದ ಹಾಗೆ ಅವನ ಮಾನ ಆ ಚೀಲದಲ್ಲಿತ್ತು. ಅದರ ಅಂಟಿನ ಬಿಲ್ಲೆಯಲ್ಲಿ ಮೊಗ್ಗಿನಳತೆಯ ತೂತು ಕತ್ತರಿಸುವುದನ್ನು ಅವನು ಯಾರಿಗೂ ಬಿಡುತ್ತಿರಲಿಲ್ಲ. ಅಂಗಿಗುಂಡಿಯ ಕಾಜಾ ಕತ್ತರಿಸುವ ನಾಜೂಕಿನಲ್ಲಿ, ಅಳತೆ ಮೀರದಂತೆ. ತುಸು ದೊಡ್ಡದಾದರೂ ಸುತ್ತಲ ಚರ್ಮ ಉರಿದುಹೋಗುತ್ತಿತ್ತು.

“ನಿನ್ನ ಸವತಿ ಕಣೇ ಇವಳು,” ಎಂದು ಚೀಲ ತೋರಿಸುತ್ತಿದ್ದ. “ಕರೆದಾಗೆಲ್ಲ ಏಳಬೇಕು.”

ಅವಳೂ ನಗುತ್ತಿದ್ದಳು. ಆದರೆ ಒಮ್ಮೆ ನಿದ್ದೆಯಲ್ಲಿ ಅಂಟು ಬಿಟ್ಟು ಹಾಸಿಗೆಯೆಲ್ಲ ಗಲೀಜಾದ ಮೇಲೆ, ಬೇರೆಯವರ ಮನೆಯಲ್ಲಿ ಅವನು ಬೆನ್ನು ಊರಲಿಲ್ಲ. ಆ ಮದುವೆಯ ಊಟದಲ್ಲೂ ಚೀಲ ತುಂಬಿತ್ತು, ಅಷ್ಟೆ.

*

“ಬಾಗಿಲು ಹಾಕಿ ಭಾವ. ನೀವು ಒಳಗೇ ಇರಿ.”

ಅವಳು ಹೊದಿಕೆ ಸರಿಸಿದಳು. ಕಡಿಮೆ ಮಾತಿನಲ್ಲಿ ಎಲ್ಲ ಹೇಳಿದಳು. ಭಾವ ಬಾಗಿ ನೋಡಿದರು. ಆಮೇಲೆ ಚೀಲದ ಅಂಚು ಹಿಡಿದು ಗಾಯದ ಪಟ್ಟಿ ಕೀಳುವಂತೆ ಎಳೆಯಹೋದರು.

“ಹಾಗೆ ಎಳೀಬೇಡಿ, ನೋಯುತ್ತೆ.”

ಹೇಳಿದ ಮೇಲೆ, ನೋಯುವುದಕ್ಕೆ ಅವನೇ ಇಲ್ಲವೆಂದು ಅವಳಿಗೆ ಹೊಳೆಯಿತು. ಭಾವ ಮಾತ್ರ ಕೈ ಸಡಿಲಿಸಿ, ಹೇಗೆಂದು ಕೇಳಿದರು. ಒಂದು ಕೈಯಲ್ಲಿ ಚರ್ಮ ಒತ್ತಿ ಹಿಡಿದು, ಒದ್ದೆ ಬಟ್ಟೆಯಲ್ಲಿ ಅಂಟು ನೆನೆಸುತ್ತ ಬಿಡಿಸುವುದನ್ನು ಅವಳು ತೋರಿಸಿದಳು. ಕರುಳಿನ ಆ ಮೊಗ್ಗು ಬೂದಿಬಣ್ಣಕ್ಕೆ ತಿರುಗಿತ್ತು.

“ನಂಗೆ ಹೇಳಿದ್ರೆ ನಗ್ತಿದ್ನಾ ನಾನು?”

“ಇಲ್ಲ. ಅಯ್ಯೋ ಪಾಪ ಅಂತಿದ್ರಿ. ಅದನ್ನ ಅವ್ರು ತಡ್ಕೋತಿರ್ಲಿಲ್ಲ.”

ಸ್ಮಶಾನದ ದಾರಿಯಲ್ಲಿ ಸೋರಬಾರದಲ್ಲ, ತೊಳೆದು, ಒರೆಸಿ, ಹೊಸ ಚೀಲ ಹಚ್ಚಿದಳು. ತಣ್ಣಗಿನ ಮೈಗೆ ಅಂಟು ಹಿಡಿಯಲೊಲ್ಲದು. ಅವಳು ಅಂಗೈ ಒತ್ತಿ ಹಿಡಿದು ಕೂತಳು. ಹೊರಗೆ ಗಾಡಿ ಬಂದು ನಿಂತ ಸದ್ದು. ಯಾರೋ ಬಾಗಿಲು ತಟ್ಟಿದರು. ಭಾವ ಅವಳ ಕೈ ಮೆಲ್ಲಗೆ ಸರಿಸಿ, ತಮ್ಮ ಅಂಗೈಗಳನ್ನು ಉಜ್ಜಿ ಬಿಸಿಮಾಡಿಕೊಂಡು ತಮ್ಮನ ಹೊಟ್ಟೆಯ ಮೇಲಿಟ್ಟರು. ಆರಿದಾಗ ತೆಗೆದು, ಮತ್ತೆ ಉಜ್ಜಿದರು.