ಗೆದ್ದವನನ್ನು ಊಟಕ್ಕೆ ಕರೆಯುವವರು ಯಾರು?

ಮೈಲಾರಲಿಂಗನ ಆಣೆ, ಇದು ನಡೆದದ್ದೇ. ಸುಳ್ಳಾದರೆ ಈ ನಾಲಿಗೆಗೆ ಇನ್ನು ಮುಂದೆ ಚಹಾದ ರುಚಿಯೇ ಹತ್ತದಿರಲಿ. ಬೇಕಾದರೆ ಯೆರವಡಾಕ್ಕೆ ಹೋಗಿ ಸಾಬವ್ವನ ಮನೆಯ ಪಕ್ಕದ ಗೋಡೆ ನೋಡಿ. ಓಣಿಯ ಆಡುಗಳೆಲ್ಲ ಇವತ್ತಿಗೂ ಅದನ್ನು ನೆಕ್ಕುತ್ತಾ ನಿಂತಿರುತ್ತವೆ.

ಸಾಬವ್ವ ನಮ್ಮ ಕಡೆಯಿಂದ ಆ ಮರಾಠಿ ಶಹರಕ್ಕೆ ದುಡಿಯಲು ಬಂದವಳು, ಕಟ್ಟಡದ ಕೆಲಸಕ್ಕೆ ಹೋಗುವವಳು. ಗಂಡ ಭೀಮು ಗೌಂಡಿ. ತಮ್ಮ ಲಾಲಪ್ಪನೂ ಗೌಂಡಿಯೇ, ಅವನ ಮನೆ ಅದೇ ಶಹರದ ಬಿಬವೇವಾಡಿಯಲ್ಲಿ. ಹೋದ ವರ್ಷ ಲಾಲಪ್ಪ ತನ್ನ ಮಗನನ್ನು ತೊಟ್ಟಿಲಿಗೆ ಹಾಕಿದ ದಿನ, ಊಟದ ಪಂಕ್ತಿಯಲ್ಲಿ ಎಲ್ಲರ ಮುಂದೆ ಅಂದುಬಿಟ್ಟ: "ನಮ್ಮ ಭಾವ ಗಿಲಾವು ಮಾಡಿದ ಗೋಡಿ ಮ್ಯಾಲ ಹಲ್ಲಿ ಸೈತ ನಿಲ್ಲಂಗಿಲ್ಲ. ತಲಿ ತಿರುಗಿ ಬೀಳತಾವ!"

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಭೀಮು ಅರ್ಧ ಹೋಳಿಗೆ ಬಿಟ್ಟು ಎದ್ದ. "ಇವನ ಗೋಡಿನೂ ಹಿಂಗ ಮಂದಿ ಮುಂದ ಸೊಟ್ಟ ಅಂತ ತೋರಸೋತನಾ ಈ ಮನ್ಯಾಗ ನೀರೂ ಕುಡಿಯಂಗಿಲ್ಲ" ಎಂದು ಅಲ್ಲೇ ಶಪಥ ಮಾಡಿದ.

ಈಗ ನಾಗರ ಪಂಚಮಿ ಬಂದಿತ್ತು. ಅಕ್ಕನನ್ನು ಕರೆಯಲು ತಮ್ಮ ಬಂದೇ ಬರುತ್ತಾನೆ. ಭೀಮು ಆಗಲೇ ಓಳಂಬ ಒರೆಸಿ ಇಟ್ಟಿದ್ದ. ಓಳಂಬ ಎಂದರೆ ಗೋಡೆ ನೆಟ್ಟಗಿದೆಯೋ ಇಲ್ಲವೋ ನೋಡಲು ಗೌಂಡಿಗಳು ಇಳಿಬಿಡುವ ದಾರದ ಗುಂಡು. ಸಾಬವ್ವನಿಗೆ ಉಂಡಿ ಕಟ್ಟಲೂ ಕೈ ಬರಲಿಲ್ಲ. ತವರು ಅಂತ ಅವಳಿಗಿದ್ದದ್ದು ಆ ಒಬ್ಬ ತಮ್ಮ. ಹಬ್ಬದ ದಿನ ಅವನ ಮಾನ ಹೋದರೆ ಆ ಹೊಸ್ತಿಲು ಅವಳ ಪಾಲಿಗೆ ಮುಗಿಯಿತು.

ಹಬ್ಬದ ಹಿಂದಿನ ದಿನ ಭೀಮು ಮೊಬೈಲಿನಲ್ಲಿ ಆಟ ಆಡುತ್ತಾ ಕೂತಿದ್ದ. ಆಟದ ವೀರನ ಅಣ್ಣನನ್ನು ಒಬ್ಬ ರಾಜ ಕೊಂದಿದ್ದ. ಅವತ್ತಿನಿಂದ ಈ ವೀರ ಕತ್ತಿ ಹಿಡಿದು, ಅಡ್ಡ ಬಂದವರನ್ನೆಲ್ಲ ಕಡಿಯುತ್ತಾ ಓಡುತ್ತಿದ್ದ. ಈಗ ಕಡೆಗೂ ರಾಜನ ತಲೆ ಉರುಳಿತು. ಭೀಮು ಚಪ್ಪಾಳೆ ತಟ್ಟಿದ. ವೀರ ಮಾತ್ರ ಕತ್ತಿ ಬಿಸಾಕಿ, ಬಂಡೆಯ ಮೇಲೆ ಕೂತು, ಮುಖ ಮುಚ್ಚಿಕೊಂಡು ಅಳಲು ಶುರು ಮಾಡಿದ.

"ಏ ಹುಚ್ಚಾ! ಗೆದ್ದೀಯಲ್ಲೋ, ಎದ್ದು ಕುಣಿಯೋ!" ಭೀಮು ಮೊಬೈಲನ್ನು ಝಾಡಿಸಿದ. "ನೋಡ್ ಇವನ್ನ. ಇದಕ್ಕೇನರ ಅರ್ಥ ಅದ ಏನು?"

ಪಕ್ಕದ ಮನೆಯ ದುರ್ಗಾ ಇಣುಕಿ ನೋಡಿದಳು. "ಅದ ಬಿಡ್ರಿ ಅಣ್ಣಾ. ಸ್ಲ್ಯಾಬ್ ಹಾಕಿದ ದಿನ ನಾವೂ ಖುಷಿ ಇರತೀವಿ. ಮರುದಿನ ಮತ್ತ ನಾಕಾ ಚೌಕದಾಗ ಕೂಲಿಗಿ ನಿಂತಾಗ ನಮ್ಮ ಮಾರಿ ನೋಡೀರೇನು?"

ಸಾಬವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ಬಂದು ನೋಡಿದಳು. "ಅಯ್ಯ ನಮ್ಮಪ್ಪ! ಅಣ್ಣ ಸತ್ತ ದಿನ ಅಳಾಕ ಇವಗ ಪುರಸೊತ್ತೇ ಸಿಗಲಿಲ್ಲ. ಓಡಿದ. ಈಗ ಕುಂತಾನ, ಅಳು ಬಂದದ. ಸಾವಾದ ಮನೀಗಿ ಬೀಗರು ರೊಟ್ಟಿ ತರಬೇಕಲ್ಲ, ಯಾರು ತರತಾರ? ಎಲ್ಲಾರನ್ನೂ ತಾನೇ ಕಡದು ಹಾಕ್ಯಾನ."

ಅವರ ಕಡೆ ಸಾವಿನ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ನೆಂಟರೇ ಬುತ್ತಿ ತಂದು, ಬಾಯಿಗೆ ತುತ್ತು ಇಟ್ಟು ಉಣ್ಣಿಸಬೇಕು. ಸಾಬವ್ವ ಹಾಗೇ ಮಾಡಿದಳು: ಬಿಸಿ ರೊಟ್ಟಿ, ಪುಂಡಿ ಪಲ್ಯ ತಾಟಿಗೆ ಹಾಕಿ ಮೊಬೈಲಿನ ಮುಂದಿಟ್ಟು, "ಉಣ್ಣಪ್ಪಾ, ಇನ್ನ ಸಾಕು" ಅಂದಳು.

ಒಳ್ಳೆಯ ಮಾತು ಕೇಳಿದರೆ ಅಳು ಹೆಚ್ಚುತ್ತದಲ್ಲವೇ? ಚಾರ್ಜರ್ ಚುಚ್ಚುವ ತೂತಿನಿಂದ ತಟತಟ ನೀರು ಇಳಿಯಿತು. ಕೊಡ ಇಟ್ಟರು, ತುಂಬಿತು. ಬ್ಯಾರಲ್ ಇಟ್ಟರು, ಅದೂ ತುಂಬಿತು. ಅವತ್ತು ಓಣಿಯಲ್ಲಿ ನಳದ ನೀರು ಬಂದಿರಲಿಲ್ಲ. "ಪಾಣಿ ಆಲಂ, ಪಾಣಿ ಆಲಂ!" ನೀರು ಬಂತು ಎಂದು ಮರಾಠಿಯವರೂ ಬಕೆಟ್ ಹಿಡಿದು ಓಡಿ ಬಂದರು. ಅವತ್ತು ಯಾರ ಮನೆಯ ಬೇಳೆಗೂ ಉಪ್ಪು ಹಾಕಲಿಲ್ಲ. ಉಳಿದ ನೀರನ್ನು ದುರ್ಗಾ ತನ್ನ ಹೊಸ ಗೋಡೆಗೆ ಉಣಿಸಿದಳು. ಆಡುಗಳು ನೆಕ್ಕುವುದು ಅದನ್ನೇ. ಕತ್ತಲಾಗುವ ಹೊತ್ತಿಗೆ ತಾಟಿನಲ್ಲಿ ರೊಟ್ಟಿ ಇರಲಿಲ್ಲ, ವೀರ ಬಂಡೆಗೆ ಒರಗಿ ಗೊರಕೆ ಹೊಡೆಯುತ್ತಿದ್ದ.

ಭೀಮು ಮೊಬೈಲನ್ನು ಮೆಲ್ಲಗೆ ಗೂಡಿನಲ್ಲಿಟ್ಟ. ಆದರೆ ಬೆಳಿಗ್ಗೆ ಲಾಲಪ್ಪ ರಿಕ್ಷಾ ತಂದಾಗ ಓಳಂಬವನ್ನು ಕಿಸೆಗೆ ಹಾಕಿಕೊಂಡೇ ಹತ್ತಿದ. ಸಾಬವ್ವ ದಾರಿಯುದ್ದಕ್ಕೂ ಆ ಕಿಸೆಯನ್ನೇ ನೋಡಿದಳು.

ಬಿಬವೇವಾಡಿಯಲ್ಲಿ ಮನೆ ತುಂಬ ಜನ. ಭೀಮು ನೆಟ್ಟಗೆ ಅಡುಗೆಮನೆಗೆ ನುಗ್ಗಿ ಗೋಡೆಗೆ ದಾರ ಇಳಿಬಿಟ್ಟ. ಎಲ್ಲರೂ ಬಾಗಿಲಲ್ಲಿ ನೆರೆದರು. ಗುಂಡು ಗೋಡೆಯಿಂದ ಎಷ್ಟು ದೂರ ನಿಂತಿತೆಂದರೆ ನಡುವೆ ಒಂದು ಬೆಕ್ಕು ಹಾದು ಹೋಯಿತು. ಲಾಲಪ್ಪನ ಮುಖ ಸುಣ್ಣದಂತಾಯಿತು.

ಭೀಮು ಬಾಯಿ ತೆರೆದ. ಸಾಲಾಗಿ ಹಾಕಿದ್ದ ಎಲೆಗಳನ್ನು ನೋಡಿದ, ಸೆರಗು ಕಚ್ಚಿ ನಿಂತ ಹೆಂಡತಿಯನ್ನು ನೋಡಿದ. ದಾರ ಸುತ್ತಿ, ಲಾಲಪ್ಪನ ಕಿವಿಯಲ್ಲಿ ಅಂದ: "ಸೊಟ್ಟ ಅದ ಮಗನ. ನಾಳಿ ಇಬ್ಬರೂ ಕೂಡಿ ಒಡದು ಕಟ್ಟೂಣು. ಈಗ ಉಣ್ಣಾಕ ನೀಡು."

ಲಾಲಪ್ಪ ಗಹಗಹಿಸಿ, ತಾನೇ ಕೂಗಿದ: "ಕೇಳ್ರಪೋ! ನನ್ನ ಗೋಡಿ ನಮ್ಮ ಭಾವನ ಗೋಡಿಕ್ಕಿಂತ ಸೊಟ್ಟ ಅದ! ಅಕ್ಕಾ, ಮದಲ ಅವನ ಎಲಿಗಿ ಹೋಳಿಗಿ ಹಾಕು!"

ಊಟವಾದ ಮೇಲೆ ಸಾಬವ್ವ ಜೋಕಾಲಿ ಏರಿದಳು. ಗಂಡ ಒಂದು ಕಡೆ, ತಮ್ಮ ಒಂದು ಕಡೆ ನಿಂತು ಜೀಕಿದರು. ಎಷ್ಟು ಮೇಲೆ ಹೋದಳೆಂದರೆ ಹತ್ತಾರು ಮೈಲಿ ಆಚೆಯ ನಿಗಡಿಯಲ್ಲಿ ಯಾರ ಮನೆಯ ಮಾಳಿಗೆಯ ಮೇಲೆ ಯಾವ ಸೀರೆ ಒಣಗುತ್ತಿದೆ ಎಂದು ಕೂಗಿ ಹೇಳಿದಳು.

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಆದರೆ ನಿಮಗೂ ಒಬ್ಬರ ಮೇಲೆ ಸೇಡು ಇದ್ದೇ ಇರುತ್ತದೆ, ಇಲ್ಲ ಅನ್ನಬೇಡಿ. ಇವತ್ತೇ ಅವರ ಮನೆಗೆ ಊಟಕ್ಕೆ ನಡೆಯಿರಿ. ಒಬ್ಬರೇ ಹೋಗಲು ಸಂಕೋಚವಾದರೆ ಇಗೋ, ಚಪ್ಪಲಿ ಮೆಟ್ಟಿಕೊಂಡೆ. ಅವರ ಮನೆಯಲ್ಲಿ ತುಪ್ಪ ಧಾರಾಳವಾಗಿ ಬಡಿಸುತ್ತಾರೆ ತಾನೆ?