ಒಂದೇ ಮಗ್ಗುಲು ಅಚ್ಚಾದ ಹಾಳೆ

ಅಕ್ಕನ ಮುಖ ಊದಿ ಕುಂಬಳಕಾಯಿಯಂತಾದ ಮೇಲೆ ಆ ಬಿಳಿ ಮಾತ್ರೆಗಳನ್ನು ಕಂಡರೆ ಹಲ್ಲು ಕಡಿಯುತ್ತಿದ್ದೆ. ಅವಳಿಗೆ ರಕ್ತನಾಳಗಳ ಉರಿಯೂತ. ಏಳು ತಿಂಗಳಿಂದ ಒಂದು ದಿನವೂ ಬಿಡದೆ ನುಂಗುತ್ತಿದ್ದಳು. ಮನೆಯಲ್ಲಿ ನಾವಿಬ್ಬರೇ. ಕನ್ನಡಿಗೆ ಟವೆಲ್ ಹೊದಿಸಿಟ್ಟಿದ್ದಳು.

ನಾನು ಪ್ರೆಸ್ಸಿನಲ್ಲಿ ಹಾಳೆ ಮಡಿಸುವವನು. ಅವಳು ತೋರಿಸಿಕೊಳ್ಳುವ ಆಸ್ಪತ್ರೆಯದೇ ಕರಪತ್ರ ಅಚ್ಚಿಗೆ ಬಂದಿತ್ತು. ಮುಂಬದಿ ಅಚ್ಚಾದ ಹಾಳೆಗಳನ್ನು ಒಣಗಲು ಹರಡುವಾಗ ಓದಿದೆ: ‘ರಕ್ತನಾಳದ ಉರಿಯೂತ ತಣಿಸುವ ವಸ್ತುಗಳನ್ನು ನಮ್ಮ ದೇಹವೇ ತಯಾರಿಸುತ್ತದೆ. ಮೂತ್ರಪಿಂಡದ ನೆತ್ತಿಯ ಮೇಲಿನ ಪುಟ್ಟ ಗ್ರಂಥಿಗಳಲ್ಲಿ ಹುಟ್ಟುವ ಕಾರ್ಟಿಸಾಲ್ ಅಂಥದ್ದೊಂದು.’

ಮೈಯೆಲ್ಲ ಉರಿದುಹೋಯಿತು. ಒಳಗೇ ಹುಟ್ಟುವುದನ್ನು ಹೊರಗಿನಿಂದ ತುರುಕುತ್ತಾರಲ್ಲ, ಇವರ ಮನೆ ಹಾಳಾಗ! ಒಂದು ಹಾಳೆ ಜೇಬಿಗಿಳಿಸಿದೆ.

“ನೋಡೇ ಅಕ್ಕಾ, ಅಚ್ಚಾಗಿದೆ. ಬಾಯಿಮಾತಲ್ಲ.”

“ಏನಪ್ಪಾ ಡಾಕ್ಟರೇ, ತಾವು ಓದಿದ್ದೆಲ್ಲಿ? ಮಡಿಸೋ ಮೇಜಿನ ಮೇಲಾ?”

“ನಗಬೇಡ. ನಾಲ್ಕು ದಿನ ಮಾತ್ರೆ ಬಿಟ್ಟು ನೋಡು, ಮುಖ ಇಳಿಯುತ್ತೆ.”

ಅವಳು ಕೆನ್ನೆ ಮುಟ್ಟಿಕೊಂಡಳು. “ನಿಜವಾಗ್ಲೂ ಇಳಿಯುತ್ತೇನೋ?”

“ನಿನ್ನಾಣೆ.”

ಮಾತ್ರೆ ಬಿಟ್ಟ ಮೂರನೇ ದಿನ ವಾಂತಿ ಶುರುವಾಯಿತು. ನಾಲ್ಕನೇ ದಿನ ಬೆಳಿಗ್ಗೆ ಬಚ್ಚಲ ಬಾಗಿಲಲ್ಲಿ ಕುಸಿದುಬಿದ್ದಿದ್ದಳು. ಕೈ ಮಂಜುಗಡ್ಡೆ. ಎತ್ತಿಕೊಂಡು ಆಸ್ಪತ್ರೆಗೆ ಓಡಿದೆ.

ಅವಳನ್ನು ಒಳಗೆ ಒಯ್ದ ಮೇಲೆ ಬೆಂಚಿನ ಪಕ್ಕ ನಮ್ಮದೇ ಕರಪತ್ರಗಳ ಕಟ್ಟು ಕಂಡಿತು. ಒಂದನ್ನೆಳೆದು ಹಿಂಬದಿ ನೋಡಿದೆ: ‘ಮಾತ್ರೆ ಇದೇ ಕಾರ್ಟಿಸಾಲ್‌ನಂತೆ ಕೆಲಸ ಮಾಡುತ್ತದೆ. ತಿಂಗಳುಗಟ್ಟಲೆ ಅದು ಹೊರಗಿನಿಂದ ಬಂದರೆ ಗ್ರಂಥಿಗಳು ತಮ್ಮ ಕೆಲಸ ಮರೆಯುತ್ತವೆ. ಮಾತ್ರೆಯನ್ನು ಎಂದೂ ದಿಢೀರನೆ ನಿಲ್ಲಿಸಬೇಡಿ.’

ಹಿಂಬದಿ ಅಚ್ಚಾಗಿ ಬಂದಿದ್ದು ನಾನು ಹಾಳೆ ಮನೆಗೆ ಒಯ್ದ ಮಾರನೇ ದಿನ. ಎರಡು ಸಾವಿರವನ್ನು ನಾನೇ ಮಡಿಸಿದ್ದೆ. ಅಂಚಿಗೆ ಅಂಚು ಕೂಡಿಸಿದ್ದೆನೇ ಹೊರತು ಅಕ್ಷರದ ಮೇಲೆ ಕಣ್ಣಿಟ್ಟಿರಲಿಲ್ಲ. ದರಿದ್ರ ಕಣ್ಣು!

ಡ್ರಿಪ್ ಹಾಕಿ, ಅದೇ ಔಷಧಿಯನ್ನು ಸೂಜಿಯಲ್ಲಿ ಕೊಟ್ಟ ಮೇಲೆ ಮಧ್ಯಾಹ್ನ ಕಣ್ಣುಬಿಟ್ಟಳು. ಬದುಕಿದಳು.

“ಮಾತ್ರೆ ಬಿಡೋಕೆ ಯಾರಮ್ಮ ಹೇಳಿದ್ದು?” ಡಾಕ್ಟರು ಕೇಳಿದರು.

ಹೇಳಲಿ ಎಂದು ಕಾದೆ. ಎಲ್ಲರೆದುರು ಉಗಿಸಿಕೊಂಡರೆ ಹಗುರವಾಗುತ್ತಿತ್ತು.

“ಯಾರೂ ಇಲ್ಲ. ನಾನೇ ಬಿಟ್ಟೆ.”

ಡಾಕ್ಟರು ಅವಳನ್ನೇ ಬೈದರು. ಅವಳು ತಲೆಯಾಡಿಸುತ್ತ ಬೈಸಿಕೊಂಡಳು.

“ನಾನು ಹೇಳಿದ್ದು ಸಾರ್,” ಎಂದೆ.

ಅಕ್ಕ ನನ್ನ ಕಡೆ ತಿರುಗಲಿಲ್ಲ. “ನೀನು ಕೆಲಸಕ್ಕೆ ಹೋಗಪ್ಪಾ. ಹೊತ್ತಾಯ್ತು.”

ಅಂದು ಭಾನುವಾರ, ಪ್ರೆಸ್ಸಿಗೆ ರಜೆ. ಅದು ಅವಳಿಗೂ ಗೊತ್ತಿತ್ತು.