ಒಂದೇ ಗೆರೆ

"ಎರಡು ಕಾಣ್ತಿತ್ತು ಕಣ್ರೀ, ಎರಡು! ಯಾವ ಗೆರೇನ ನಂಬ್ಲಿ ನಾನು?"

ಪೈಲಟ್ ಹೆಲ್ಮೆಟ್ಟನ್ನು ಮೇಜಿನ ಮೇಲೆ ಕುಕ್ಕಿದ. ಮುಖ ಬಿಳಚಿಕೊಂಡಿತ್ತು. ವಿಮಾನದಿಂದ ಇಳಿದವನೇ ರೆಕ್ಕೆಯ ಕೆಳಗೆ ವಾಂತಿ ಮಾಡಿಕೊಂಡಿದ್ದನಂತೆ.

"ಮತ್ತೆ ಹೇಗೆ ಇಳಿಸಿದ್ರಿ?" ಹೆಲ್ಮೆಟ್ ಕೋಣೆಯ ಹುಡುಗಿ ಕೇಳಿದಳು.

"ಒಂದು ಕಣ್ಣು ಮುಚ್ಕೊಂಡು. ಸೂಜಿಗೆ ದಾರ ಪೋಣಿಸೋ ಅಜ್ಜಿ ಥರ!"

ಮೂಲೆಯ ಸ್ಟೂಲಿನ ಮೇಲಿದ್ದ ಗಾಜಿನ ಮೇಷ್ಟ್ರು ನಗಲಿಲ್ಲ. ಆ ಹೆಲ್ಮೆಟ್ಟಿನ ಚೀಟಿಯ ಮೇಲೆ 'ಸರಿಯಿದೆ' ಎಂದು ಬಿದ್ದಿದ್ದ ಮೊಹರು ಅವರದೇ.

ಗಾಜಿನ ಮೇಷ್ಟ್ರು ಅನ್ನುವ ಹೆಸರು ಇಪ್ಪತ್ತಾರು ವರ್ಷದ್ದು. ಹಳೆಯ ಯುದ್ಧವಿಮಾನಗಳಲ್ಲಿ ಪೈಲಟ್ಟನ ಮುಖದೆದುರು ಓರೆಯಾಗಿ ಒಂದು ಗಾಜು ನಿಂತಿರುತ್ತಿತ್ತು. ವೇಗ, ಎತ್ತರ, ದಿಗಂತದ ಗೆರೆ ಎಲ್ಲ ಅದರ ಮೇಲೆ ಹಸಿರಾಗಿ ಮೂಡುತ್ತಿದ್ದವು. ಎಡಗಣ್ಣು ಮುಚ್ಚಿ, ಬಲಗಣ್ಣು ಕಿರಿದಾಗಿಸಿ, ಆ ಗೆರೆಯನ್ನು ಹ್ಯಾಂಗರಿನ ಗೋಡೆಯ ಗುರುತಿಗೆ ಕೂದಲೆಳೆಯಷ್ಟೂ ಆಚೀಚೆಯಾಗದಂತೆ ಕೂರಿಸುವುದು ಮೇಷ್ಟ್ರ ಕೆಲಸ. ಹೊಸ ವಿಮಾನಗಳಲ್ಲಿ ಗಾಜೇ ಇಲ್ಲ. ಅದೆಲ್ಲ ಈಗ ಹೆಲ್ಮೆಟ್ಟಿನೊಳಗೆ. ಕಣ್ಣಿಗೊಂದರಂತೆ ಎರಡು ಚಿತ್ರ, ಎರಡೂ ಕೂಡಿ ಒಂದಾಗಿ ಕಾಣಬೇಕು. ಗಾಜಿನ ವಿಭಾಗಕ್ಕೆ ಬೀಗ ಬಿದ್ದ ದಿನ, "ಹೆಲ್ಮೆಟ್ ಕೆಲಸ ಕಲಿತರೆ ಇರಿ, ಇಲ್ಲವಾದರೆ ಮನೆಗೆ ನಡೀರಿ" ಎಂದಿದ್ದರು ಮೇಲಿನವರು. ಮೇಷ್ಟ್ರು ಕಲಿತರು. ಕಲಿಸಿದವಳು ಅವರ ತಂಗಿಯ ಮಗಳೇ, ಇದೇ ಹೆಲ್ಮೆಟ್ ಕೋಣೆಯ ಹುಡುಗಿ. ಜನರ ಮುಂದೆ ಅವಳಿಗೆ ಅವರು 'ಮೇಷ್ಟ್ರೇ', ಇಬ್ಬರೇ ಇದ್ದಾಗ 'ಮಾವ'.

ಪೈಲಟ್ ಹೋದ ಮೇಲೆ ಅವಳು ಬಾಗಿಲು ಮುಚ್ಚಿದಳು.

"ಮಾವ, ಇದನ್ನ ನೀವೇ ಹಾಕ್ಕೊಂಡು ನೋಡಿದ್ರಾ?"

"ನೋಡ್ದೆ ಮೊಹರು ಒತ್ತೋನೇನೇ ನಾನು? ಒಂದೇ ಗೆರೆ. ಬಾಚಿದ ಬೈತಲೆ ಇದ್ದ ಹಾಗಿತ್ತು."

"ಇನ್ನೊಂದ್ಸಲ ನೋಡಿ."

ಅವಳೇ ಹೆಲ್ಮೆಟ್ ತೊಡಿಸಿ, ಗಲ್ಲದ ಪಟ್ಟಿ ಬಿಗಿದು, ಕೀಲಿಮಣೆಯ ಮುಂದೆ ಕೂತಳು.

"ಈಗ?"

"ಒಂದೇ."

"ಈಗ?"

"ಒಂದೇ ಕಣೇ! ಏನು, ಚಿಕ್ಕಂದಿನಲ್ಲಿ ನಿಂಗೆ ಸ್ಕ್ರೂ ತಿರುಗಿಸೋಕೆ ಕಲಿಸಿದೋನಿಗೇ ಪರೀಕ್ಷೇನಾ?"

ಅವಳ ಬೆರಳು ನಿಂತಿತು.

"ಮಾವ, ನಾನಿನ್ನೂ ಸೇರಿಸೇ ಇಲ್ಲ. ಎರಡೂ ದೂರ ದೂರ ನಿಂತಿವೆ."

ಮೇಷ್ಟ್ರು ಗಲ್ಲದ ಪಟ್ಟಿ ಸಡಿಲಿಸಿದರು.

"ಎಷ್ಟು ವರ್ಷ ಆಯ್ತು?" ಅವಳು ಕೇಳಿದಳು.

"ಎಡಗಣ್ಣಾ? ಒಂಬತ್ತು. ಮೊದಲು ಮಂಜು ಮಂಜು, ಆಮೇಲೆ ಅದೂ ಇಲ್ಲ. ಹೇಗೂ ಮುಚ್ಕೊಂಡೇ ಕೆಲಸ ಮಾಡ್ತಿದ್ನಲ್ಲ, ಅದರ ಪಾಡಿಗೆ ಅದು ಹೋಯ್ತು. ನಿಮ್ಮತ್ತೆಗೂ ಹೇಳಿಲ್ಲ."

"ವರ್ಷಾವರ್ಷ ಕಣ್ಣು ತೋರಿಸ್ತಿದ್ರಲ್ಲ?"

"ಆ ಅಕ್ಷರದ ಹಲಗೆ ನಂಗೆ ಬಾಯಿಪಾಠ." ಹೆಲ್ಮೆಟ್ ತೆಗೆದು ಮಡಿಲಲ್ಲಿಟ್ಟುಕೊಂಡರು. "ಒಂದೇ ಕಂಡ್ರೆ ಸರಿ ಅಂತ ನೀನು ಹೇಳ್ಕೊಟ್ಟೆ. ಹಾಕ್ಕೊಂಡ ಪ್ರತಿಯೊಂದರಲ್ಲೂ ಒಂದೇ ಕಾಣಿಸ್ತು. ಎಷ್ಟು ಬೇಗ ಕಲಿತ್ಬಿಟ್ಟೆ ಅಂತ ಹಿಗ್ಗಿಹೋಗಿದ್ದೆ ಕಣೇ."

ಅವಳು ತಲೆ ತಗ್ಗಿಸಿದಳು. "ಯಂತ್ರದ ದೋಷ ಅಂತ ಬರೀಲಾ?"

"ನಾನು ಮೊಹರು ಒತ್ತಿರೋದು ಇನ್ನೂ ಹನ್ನೊಂದಿವೆ. ಒಂದು ಕಣ್ಣು ಮುಚ್ಚೋದು ಎಲ್ಲರಿಗೂ ಹೊಳೆಯುತ್ತಾ? ಇದ್ದದ್ದನ್ನೇ ಬರಿ."

"ಬರೆದ್ರೆ ಇವತ್ತೇ ಮನೆಗೆ ಕಳಿಸ್ತಾರೆ ಮಾವ."

"ಕಳಿಸ್ತಾರೆ. ಅಲ್ಲಿ ಕೂತು ಏನ್ಮಾಡ್ಬೇಕು ಅಂತ್ಲೂ ಬರ್ಕೊಡ್ತಾರಾ, ಕೇಳು."

ಅವಳು ಪುಸ್ತಕ ತೆರೆದು ಪೆನ್ನಿನ ಮುಚ್ಚಳ ತೆಗೆದಳು. ಮೇಷ್ಟ್ರು ಅಂಗಿಯ ಜೇಬಿನಿಂದ, ಹೆಬ್ಬೆರಳು ಉಜ್ಜಿ ಉಜ್ಜಿ ಹಿಡಿಕೆ ಸವೆದಿದ್ದ ಮೊಹರನ್ನು ತೆಗೆದು ಅವಳ ಮುಂದಿನ ಮೇಜಿನ ಮೇಲಿಡಲು ಹೋದರು. ಮೇಜು ಅವರೆಣಿಸಿದ್ದಕ್ಕಿಂತ ಎರಡು ಬೆರಳು ಆಚೆಗಿತ್ತು. ಮೊಹರು ನೆಲಕ್ಕೆ ಬಿದ್ದು, ಉರುಳಿಕೊಂಡು ಬೀರುವಿನ ಅಡಿಗೆ ಹೋಯಿತು.